ಉಪ್ಪು ಕಡಿಮೆ ಎನ್ನದ ಸಭೆ

ಸುಧಾಕರ ಮಲಸಮುದ್ರ ಅವರು ಯಾರ ಟಿಕೆಟ್ಟನ್ನೂ ಮೊದಲು ನೋಡುತ್ತಿರಲಿಲ್ಲ. ಮೊದಲು ಮುಖ ನೋಡುತ್ತಿದ್ದರು. ನಾಸಿಕ್ ರೋಡ್ ಸ್ಟೇಷನ್ನಿನ ಗೇಟಿನಲ್ಲಿ ಕರಿಕೋಟು ತೊಟ್ಟು ನಿಂತ ಅವರ ಲೆಕ್ಕದಲ್ಲಿ ಪ್ರಯಾಣಿಕರು ಮೂರು ಬಗೆ. ಧೈರ್ಯವಾಗಿ ಬಂದವನು ಟಿಕೆಟ್ ತೆಗೆದಿಲ್ಲ. ಗಾಬರಿಯಾಗಿ ಬಂದವನು ತೆಗೆದು ಕಳೆದುಕೊಂಡಿದ್ದಾನೆ. ಇವೆರಡೂ ಅಲ್ಲದೆ ಸುಮ್ಮನೆ ನಡೆದು ಬಂದವನು ನಿನ್ನೆಯ ಟಿಕೆಟ್ಟನ್ನೇ ಮತ್ತೆ ತಂದಿದ್ದಾನೆ. ನಿಜವಾದ ಟಿಕೆಟ್ ಹಿಡಿದು ಬರುವ ನಾಲ್ಕನೆಯ ಬಗೆಯೊಂದು ಇದೆ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಅಂಥವರು ಬಂದಾಗ ಸ್ವಲ್ಪ ನಿರಾಸೆಯಾಗುತ್ತಿತ್ತು.

ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಈ ಸಂಶಯ ಕೋಟಿನ ಜೊತೆ ಗೂಟಕ್ಕೆ ನೇತುಬೀಳುವುದನ್ನು ಮರೆತು ಮೈಗೇ ಅಂಟಿಕೊಂಡಿತು. ಹಾಲು ತಂದವನ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುವರು. ಪಂಚವಟಿಯ ಉಡುಪಿ ಹೋಟೆಲಿನಲ್ಲಿ ಸಾಂಬಾರು ಬಂದರೆ ನಿನ್ನೆಯದೋ ಇವತ್ತಿನದೋ ಎಂದು ಮೂಸುವರು. ದೇವರ ವಾಕ್ಯವನ್ನು ಯಾರಾದರೂ ಬಾಯಿಪಾಠ ಹೇಳಿದರೆ ಪುಸ್ತಕ ತೆಗೆದು ತಾಳೆ ನೋಡುವರು. ಸಭೆಯಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸುವಾಗ ಒಂದು ಕಣ್ಣು ಅರ್ಧ ತೆರೆದಿರುತ್ತಿತ್ತು, ಯಾರು ಮುಚ್ಚಿಲ್ಲ ಎಂದು ನೋಡಲು.

ಆ ಸಭೆಗೆ ಅವರೇ ಹಿರಿಯರು. ನಾಸಿಕದ ಶರಣಪುರದಲ್ಲಿ ಮರಾಠಿ ಶಾಲೆಯೊಂದರ ಕೋಣೆಯಲ್ಲಿ ಭಾನುವಾರ ಸೇರುತ್ತಿದ್ದ ಕನ್ನಡ ಕ್ರೈಸ್ತರ ಸಭೆ ಅದು. ಹದಿನಾಲ್ಕು ಮನೆ. ಗದಗ, ಹುಬ್ಬಳ್ಳಿ ಕಡೆಯ ಬಾಸೆಲ್ ಮಿಷನ್ನಿನವರು ಹೆಚ್ಚು, ಮಂಗಳೂರಿನವರು ಇಬ್ಬರು, ಬೀದರ ಕಡೆಯ ಮೆಥೊಡಿಸ್ಟರು ನಾಲ್ಕೈದು ಮನೆ. ಸ್ವಂತ ಸಭಾಪಾಲಕರಿಲ್ಲ. ತಿಂಗಳಿಗೊಮ್ಮೆ ಹರಿದಾಸ ಅಯ್ನೋರು ಔರಂಗಾಬಾದಿನಿಂದ ಶನಿವಾರ ಸಣ್ಣ ಗಾಡಿ ಹತ್ತಿ, ಮನ್ಮಾಡದಲ್ಲಿ ದೊಡ್ಡ ಗಾಡಿಗೆ ಬದಲಾಯಿಸಿ, ಮೊದಲನೆಯ ಭಾನುವಾರ ಕರ್ತನ ಭೋಜನ ನಡೆಸಿ ಹೋಗುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಸುಧಾಕರರವು.

ಅಲ್ಲಿ ಎಲ್ಲರ ಮುತ್ತಜ್ಜಂದಿರೂ ಗೌಡಕಿ ಬಿಟ್ಟು ದೀಕ್ಷಾಸ್ನಾನ ತೆಗೆದುಕೊಂಡವರು. ಕೇಳಿದವರಿಗೆ ಹಾಗೆಂದೇ ಹೇಳುತ್ತಿದ್ದರು. ಅಷ್ಟು ಗೌಡರಿಗೆ ಸಾಕಾಗುವಷ್ಟು ಊರುಗಳು ಧಾರವಾಡ ಜಿಲ್ಲೆಯಲ್ಲಿ ಇದ್ದವೇ ಎಂದು ಯಾರೂ ವಿಚಾರಿಸಲಿಲ್ಲ. ಸುಧಾಕರರ ಅಪ್ಪ ಬೆಟಗೇರಿಯ ಮಿಷನ್ ಮಗ್ಗದಲ್ಲಿ ಲಾಳಿ ಎಳೆದವರು. ಅದಕ್ಕೂ ಹಿಂದಿನದು ಗೌಡಕಿ. ಪ್ರಪಂಚದ ಎಲ್ಲದರ ಮೇಲೂ ಸಂಶಯಪಡುತ್ತಿದ್ದ ಸುಧಾಕರರು ಈ ಒಂದು ಗೌಡಕಿಯ ಟಿಕೆಟ್ಟನ್ನು ಮಾತ್ರ ಎಂದೂ ಪರೀಕ್ಷಿಸಲಿಲ್ಲ.

ಅವರ ಉಪದೇಶದ ವಿಷಯ ಮೂರ್ನಾಲ್ಕು ವರ್ಷದಿಂದ ಒಂದೇ: ಆದಿಸಭೆ. ಅಪೊಸ್ತಲರ ಕಾಲದ ಮೊಟ್ಟಮೊದಲ ಸಭೆ. ಅಂದಿನವರು ಹೇಗೆ ಮನೆಮನೆಗಳಲ್ಲಿ ಸೇರುತ್ತಿದ್ದರು, ಹೇಗೆ ಇದ್ದದ್ದನ್ನೆಲ್ಲ ಹಂಚಿಕೊಳ್ಳುತ್ತಿದ್ದರು, ಹೇಗೆ ಒಡೆಯನೂ ಆಳೂ ಒಂದೇ ಪಂಕ್ತಿಯಲ್ಲಿ ರೊಟ್ಟಿ ಮುರಿಯುತ್ತಿದ್ದರು ಎಂಬುದನ್ನು ಅವರು ಕಣ್ಣಾರೆ ಕಂಡವರಂತೆ ಹೇಳುತ್ತಿದ್ದರು. ಅದರಲ್ಲೂ ಕೊರಿಂಥದವರ ಮೇಲೆ ಅವರಿಗೆ ವಿಪರೀತ ಸಿಟ್ಟು. ಆ ಊರಿನಲ್ಲಿ ಉಳ್ಳವರು ಬೇಗ ಬಂದು ತಾವು ತಂದದ್ದನ್ನು ತಾವೇ ಉಂಡು ಮುಗಿಸುತ್ತಿದ್ದರಂತೆ. ದುಡಿದು ತಡವಾಗಿ ಬಂದ ಆಳುಗಳಿಗೆ ಬರೀ ಪಾತ್ರೆ. ಇದನ್ನು ಹೇಳುವಾಗ ಕೊರಿಂಥ ಎಂಬುದು ಮನ್ಮಾಡಕ್ಕೂ ನಾಂದಗಾವಕ್ಕೂ ನಡುವಿನ ಸ್ಟೇಷನ್ನು, ಅಲ್ಲಿ ಹತ್ತುವವರೆಲ್ಲ ಟಿಕೆಟ್ ಇಲ್ಲದವರು ಎಂಬಂತೆ ಅವರ ಮೀಸೆ ಕುಣಿಯುತ್ತಿತ್ತು.

ಅವರಿಗೆ ಮೆಚ್ಚುಗೆಯಾದವನು ಆ ಕಾಲದ ಒಬ್ಬ ರೋಮನ್ ಅಧಿಕಾರಿ. ಆಗ ಊರವರಿಗೆಲ್ಲ ಈ ಹೊಸ ಪಂಗಡದ ಮೇಲೆ ಗುಮಾನಿ. ಬಾಗಿಲು ಹಾಕಿಕೊಂಡು ಏನೋ ತಿನ್ನುತ್ತಾರೆ, ಕೂಸುಗಳನ್ನೇ ತಿನ್ನುತ್ತಾರೆ ಎಂದೆಲ್ಲ ಪುಕಾರು. ಆ ಅಧಿಕಾರಿ ಕೆಲವರನ್ನು ಹಿಡಿಸಿ ವಿಚಾರಣೆ ಮಾಡಿ, ಕೊನೆಗೆ ಚಕ್ರವರ್ತಿಗೆ ಬರೆದ: ನಸುಕಿನಲ್ಲಿ ಸೇರುತ್ತಾರೆ, ಹಾಡುತ್ತಾರೆ, ಆಮೇಲೆ ಮತ್ತೆ ಕೂಡಿ ಊಟ ಮಾಡುತ್ತಾರೆ, ಊಟ ಸಾದಾ ಊಟವೇ. ವಿಶ್ವಾಸಿಗಳನ್ನೇ ಹಿಡಿಸಿದವನಾದರೂ ಆ ಅಧಿಕಾರಿಯ ಬಗ್ಗೆ ಸುಧಾಕರರ ದನಿಯಲ್ಲಿ ಒಂದು ಬಗೆಯ ಗೌರವ. ತಮ್ಮ ಡಿಪಾರ್ಟ್‌ಮೆಂಟಿನವನೇ ಎಂಬ ಹಾಗೆ.

ಸಭೆಯಲ್ಲಿ ಏನೇ ಹೊಸದು ಬಂದರೂ ಅವರದೊಂದು ಮಾತು: "ಆದಿಸಭೆಯೊಳಗ ಹಿಂಗಿರಲಿಲ್ಲ."

ಶಾಲೆಯವರು ಕೋಣೆಗೆ ಫ್ಯಾನು ಹಾಕಿಸಿದಾಗಲೂ ಅದನ್ನೇ ಅಂದರು. ಮಂಗಳೂರಿನ ಟೀಚರು ವಾರಿಜಾಕ್ಷಿ ಬೀಸಣಿಗೆ ಕೆಳಗಿಟ್ಟು, "ಆದಿಸಭೆಯಲ್ಲಿ ನಾಸಿಕದ ಮೇ ತಿಂಗಳೂ ಇರಲಿಲ್ಲ ಮಾರಾಯ್ರೆ. ಒಮ್ಮೆ ಸ್ವಿಚ್ಚು ಹಾಕಿ," ಎಂದರು.

ಮನೆಯಲ್ಲಿ ಹೆಂಡತಿ ಸುಗುಣಾಬಾಯಿಯದು ಬೇರೆ ಪ್ರಶ್ನೆ. "ಆದಿಸಭೆಯೊಳಗ ಎಲ್ಲಾರೂ ಕೂಡಿ ಉಣ್ತಿದ್ರು, ಖರೆ. ಉಂಡ ಮ್ಯಾಲ ಭಾಂಡಿ ಯಾರ್ ತಿಕ್ಕತಿದ್ರು?"

"ಅದನ್ನ ಬರದಿಲ್ಲ."

"ಬರದಿರೂದಿಲ್ಲ ಬಿಡ್ರಿ. ಬರದಾವ್ರು ಯಾರೂ ತಿಕ್ಕಿರೂದಿಲ್ಲ."

ಈ ಆದಿಸಭೆಯ ಉತ್ಸಾಹದಲ್ಲೇ ೧೯೬೫ರಲ್ಲಿ ಸುಧಾಕರರು ಪ್ರೀತಿಭೋಜನ ಶುರುಮಾಡಿದರು. ತಿಂಗಳ ಮೊದಲನೆಯ ಭಾನುವಾರ, ಕರ್ತನ ಭೋಜನವಾದ ಮೇಲೆ, ಪ್ರತಿ ಮನೆಯವರೂ ಒಂದು ಪಾತ್ರೆ ಅಡುಗೆ ತರಬೇಕು. ನಾಲ್ಕು ಬೆಂಚು ಜೋಡಿಸಿ, ಮೇಲೊಂದು ಬಿಳಿ ಬಟ್ಟೆ ಹಾಸಿ, ಎಲ್ಲವನ್ನೂ ಸಾಲಾಗಿ ಇಟ್ಟು, ಎಲ್ಲರೂ ಎಲ್ಲದರಿಂದಲೂ ಉಣ್ಣಬೇಕು. ಅಯ್ನೋರು ಮಾತ್ರ ಮನ್ಮಾಡದ ಗಾಡಿ ಹಿಡಿಯಲು ಊಟಕ್ಕೆ ಮೊದಲೇ ಹೊರಟುಬಿಡುತ್ತಿದ್ದರು.

ಮೊದಲ ತಿಂಗಳೇ ಒಂದು ವ್ಯವಸ್ಥೆ ತಾನಾಗಿ ಬೆಳೆಯಿತು. ಪ್ರತಿ ಮನೆಯವರೂ ತಮ್ಮ ಪಾತ್ರೆಯ ಎದುರಿಗೇ ಬಂದು ನಿಂತರು. ವಾರಿಜಾಕ್ಷಿಯವರ ಮೀನುಸಾರು ಎರಡು ಮನೆಯವರ ತಟ್ಟೆಗೆ ಹೋಯಿತು, ಆ ಎರಡು ಮನೆಯ ಕೋಸಂಬರಿ ವಾರಿಜಾಕ್ಷಿಯವರ ತಟ್ಟೆಗೆ ಬಂತು. ಯಾವ ಪಾತ್ರೆಯಿಂದ ಯಾವ ತಟ್ಟೆಗೆ ಗಾಡಿ ಹೋಗುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬ ಟೈಮ್‌ಟೇಬಲ್ ಎಲ್ಲರಿಗೂ ಬಾಯಿಪಾಠವಾಗಿತ್ತು. ಯಾರೂ ಅದನ್ನು ಬರೆದು ಅಂಟಿಸಿರಲಿಲ್ಲ.

ಕಿಟಕಿಯ ಬದಿಗೆ, ಕಟ್ಟಕಡೆಯಲ್ಲಿ ಇರುತ್ತಿದ್ದದ್ದು ಚನ್ನಮ್ಮನ ಬೋಗುಣಿ. ಜರ್ಮನ್ ಅಂದರೆ ಅಲ್ಯುಮಿನಿಯಮ್ಮಿನದು, ಒಂದು ಬದಿ ನಗ್ಗಿದ್ದು. ಅದರ ತುಂಬ ಹುಳಿಸೊಪ್ಪಿನ ಪುಂಡಿಪಲ್ಯ, ಪಕ್ಕದಲ್ಲಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ. ಚನ್ನಮ್ಮ ಬೀದರ ಕಡೆಯವಳು, ಗಂಡ ಸತ್ತ ಮೇಲೆ ನಾಸಿಕದ ಒಂದು ದವಾಖಾನೆಯಲ್ಲಿ ಆಯಾ. ಅವಳ ಅಪ್ಪ ಊರ ಹೊರಗಿನ ಕೇರಿಯವನಾಗಿದ್ದ. ಅದನ್ನು ಅವಳು ಮುಚ್ಚಿಡಲೂ ಇಲ್ಲ, ಅದಕ್ಕೊಂದು ಗೌಡಕಿ ಅಂಟಿಸಲೂ ಇಲ್ಲ. ಆ ಸಭೆಯಲ್ಲಿ ಅವಳ ತಪ್ಪೇನಾದರೂ ಇದ್ದರೆ ಅದೊಂದೇ.

ಅವಳ ಬೋಗುಣಿಯ ಹತ್ತಿರ ಬಂದಾಗ ಎಲ್ಲರ ಆರೋಗ್ಯ ಕೆಡುತ್ತಿತ್ತು. ಒಬ್ಬರಿಗೆ ಪುಂಡಿ ಉಷ್ಣ. ಇನ್ನೊಬ್ಬರಿಗೆ ಹುಳಿ ಆಗದು. ಕಲಬುರಗಿಯ ಗುರುಲಿಂಗಪ್ಪನವರು ಹೊಟ್ಟೆ ಸವರಿಕೊಂಡು "ಭಾಳ ಆಯ್ತರಿ" ಎನ್ನುವರು. ಸುಧಾಕರರ ಕಾರಣ ಎಲ್ಲಕ್ಕಿಂತ ಘನವಾದದ್ದು: ಹಿರಿಯರಾದವರು ಉಳಿದವರಿಗೆ ಬಡಿಸಿ ಕಡೆಗೆ ಉಣ್ಣಬೇಕು, ಅಷ್ಟರಲ್ಲಿ ಅವರ ಡ್ಯೂಟಿಯ ಹೊತ್ತಾಗುತ್ತಿತ್ತು. ಚನ್ನಮ್ಮ ಇದನ್ನೆಲ್ಲ ನೋಡಲು ಇರುತ್ತಿರಲಿಲ್ಲ. ಅವಳಿಗೆ ಎರಡು ಗಂಟೆಗೆ ದವಾಖಾನೆ. ಕಡೆಯ ಬೆಂಚಿನವಳಾದ್ದರಿಂದ ಕರ್ತನ ಪಾತ್ರೆಯಲ್ಲೂ ಕಡೆಗೆ ಕುಡಿದು, ಬೋಗುಣಿ ಮೇಜಿನ ಮೇಲಿಟ್ಟು ಹೋದರೆ, ಮುಂದಿನ ಭಾನುವಾರ ಸುಗುಣಾಬಾಯಿ ತೊಳೆದಿಟ್ಟ ಖಾಲಿ ಬೋಗುಣಿಯನ್ನು ತೆಗೆದುಕೊಳ್ಳುತ್ತಿದ್ದಳು. ಕಡೆಯ ಬೆಂಚಿನಲ್ಲಿ ಕೂಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಬೇರೆ ಬೆಂಚಿನವರು ಸರಿದು ಜಾಗ ಕೊಟ್ಟಿರಲೂ ಇಲ್ಲ.

ಹೀಗೆ ಮೂರು ವರ್ಷ ನಡೆಯಿತು.

೧೯೬೮ರ ಜುಲೈ ತಿಂಗಳ ಮೊದಲನೆಯ ಭಾನುವಾರ. ಆರಾಧನೆ ಶುರುವಾಗುವ ಮೊದಲು ಹರಿದಾಸ ಅಯ್ನೋರು ಬಾಗಿಲಲ್ಲಿ ನಿಂತು ಎಲ್ಲರ ಕೈಕುಲುಕುತ್ತಿದ್ದರು. ಚನ್ನಮ್ಮ ಬೋಗುಣಿ ಹೊತ್ತು ಬಂದಳು. ಸುಧಾಕರರು ಪಕ್ಕದಲ್ಲೇ ಇದ್ದರು.

"ಏನ್ ತಂದೀವಾ ಚನ್ನಮ್ಮಾ?" ಎಂದರು ಅಯ್ನೋರು.

"ಪುಂಡಿಪಲ್ಯರಿ. ನಂದೇನು ದೊಡ್ಡದು. ಆದ್ರ ಅಯ್ನೋರ, ಒಂದ್ ಮಾತು ಹೇಳ್ಬೇಕು. ಮೂರು ವರ್ಷದಾಗ ಒಂದ್ ಸಲಾನೂ ನನ್ನ ಬೋಗುಣಿ ತುಂಬಿ ವಾಪಸ್ ಬಂದಿಲ್ಲ ನೋಡ್ರಿ. ಎಲ್ಲಾರೂ ಉಣ್ತಾರ. ನಮ್ಮ ಸುಧಾಕರಣ್ಣಾರು ಕಲಿಸಿದ್ದು."

ಅಯ್ನೋರ ಕಣ್ಣಲ್ಲಿ ನೀರಾಡಿತು. ಅವರು ಸುಧಾಕರರ ಎರಡೂ ಕೈ ಹಿಡಿದುಕೊಂಡರು. "ಔರಂಗಾಬಾದಿನಾಗ ಹನ್ನೆರಡು ವರ್ಷದಿಂದ ನಾ ಬಡಕೊಳ್ಳಕತ್ತೀನಿ, ಸುಧಾಕರಪ್ಪನೋರ. ಒಬ್ಬರ ಭಾಂಡಿಯಿಂದ ಒಬ್ಬರು ಉಣ್ಣಂಗಿಲ್ಲ. ಅವರವರ ಡಬ್ಬಿ ಅವರವರ ತೊಡಿ ಮ್ಯಾಲೆ. ನೀವು ಮಾಡಿ ತೋರ್ಸೀರಿ. ಬರೋ ತಿಂಗಳು ನಮ್ಮ ಮಂದಿ ಇಪ್ಪತ್ತು ಜನ ಕರ್ಕೊಂಡು ಬರ್ತೀನಿ. ಕಣ್ಣಿಂದ ನೋಡ್ಲಿ."

ಆ ಬೋಗುಣಿಗೆ ಯಾರೂ ಕೈ ಹಾಕುವುದಿಲ್ಲ ಎಂಬುದನ್ನು ಆ ಸಭೆಯಲ್ಲಿ ಕಣ್ಣಿಟ್ಟು ನೋಡಿದವರು ಸುಧಾಕರರೊಬ್ಬರೇ. ಇನ್ನೊಂದು ತಿಂಗಳಿಗೆ ಇಪ್ಪತ್ತು ಜನರ ಎದುರು, ಚನ್ನಮ್ಮನ ಎದುರು, ಅದು ಬಯಲಾಗುತ್ತದೆ. ಇಷ್ಟು ವರ್ಷದ ಆದಿಸಭೆ ಒಂದು ಬೋಗುಣಿ ಪುಂಡಿಪಲ್ಯದಲ್ಲಿ ಮುಳುಗುತ್ತದೆ. ಆದರೆ ಆ ಗಾಬರಿಯನ್ನೂ ಮೀರಿ ಅವರ ಹಳೆಯ ಮೂಗು ಎಚ್ಚೆತ್ತಿತು. ಯಾರೂ ಉಣ್ಣದಿದ್ದರೆ ಬೋಗುಣಿ ಖಾಲಿಯಾಗುವುದು ಹೇಗೆ?

ಉಪದೇಶದ ಹೊತ್ತಿನಲ್ಲಿ ಅವರು ಆಪಾದಿತರ ಪಟ್ಟಿ ಮಾಡಿದರು. ಗುರುಲಿಂಗಪ್ಪ: ಹೆಂಡತಿ ಊರಿನಲ್ಲಿ, ಒಂಟಿ ಅಡುಗೆ, ಬರುವಾಗ ತೆಳ್ಳಗಿನ ಚೀಲ, ಹೋಗುವಾಗ ದಪ್ಪ ಚೀಲ. ವಾರಿಜಾಕ್ಷಿ: "ನಾವೆಲ್ಲ ಒಂದೇ" ಎಂದು ವಾರಕ್ಕೆ ಮೂರು ಸಲ ಹೇಳುತ್ತಾರೆ; ಅಷ್ಟು ಸಲ ಹೇಳುವವರು ಏನಾದರೂ ಮಾಡಿರಲೇಬೇಕು. ಮೂರನೆಯದು ಶಾಲೆಯ ಚೌಕಿದಾರನ ನಾಯಿ. ಅದು ಸಭೆಯವರನ್ನು ಕಂಡರೆ ಬೊಗಳುತ್ತಿರಲಿಲ್ಲ, ಇದು ನಾಯಿಯ ಸ್ವಭಾವವಲ್ಲ.

ಊಟವಾಯಿತು. ಬೋಗುಣಿಯ ಮುಚ್ಚಳವನ್ನು ಯಾರೂ ಎತ್ತಲಿಲ್ಲ. ಸುಧಾಕರರು ಡ್ಯೂಟಿಗೆಂದು ಹೇಳಿ ಹೊರಬಿದ್ದು, ಶಾಲೆಯನ್ನು ಒಂದು ಸುತ್ತು ಹಾಕಿ, ಹಿಂದಿನ ಕಿಟಕಿಯ ಹತ್ತಿರ ಕೊಡೆ ಬಿಚ್ಚಿ ನಿಂತರು. ಮಳೆ ಇರಲಿಲ್ಲ. ಗುರುಲಿಂಗಪ್ಪ ಚೀಲ ತೆಗೆದುಕೊಂಡು ಹೋದರು. ಚೀಲದಿಂದ ಪೇಪರಿನ ರದ್ದಿ ಇಣುಕುತ್ತಿತ್ತು. ವಾರಿಜಾಕ್ಷಿ ಹೋದರು. ನಾಯಿ ಬಂದು ಸುಧಾಕರರ ಬೂಟು ಮೂಸಿ ಹೋಯಿತು.

ಕೋಣೆಯಲ್ಲಿ ಸುಗುಣಾಬಾಯಿ ಒಬ್ಬರೇ ಉಳಿದರು. ಬೋಗುಣಿಯ ಮುಚ್ಚಳ ತೆಗೆದರು. ತಮ್ಮ ಸ್ಟೀಲಿನ ಡಬ್ಬಿಗೆ ಪಲ್ಯವನ್ನೆಲ್ಲ ಸುರಿದುಕೊಂಡರು, ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಚೀಲದಲ್ಲಿಟ್ಟರು. ನಲ್ಲಿಯ ಹತ್ತಿರ ಕೂತು ಬೂದಿ ಹಾಕಿ ಬೋಗುಣಿ ತಿಕ್ಕಿದರು.

ಸುಧಾಕರರಿಗೆ ಮೊದಲು ಹೊಳೆದದ್ದು ಮನೆಯ ಹತ್ತಿರದ ಗೌಳಿಯ ಎಮ್ಮೆ. ಪಲ್ಯವೆಲ್ಲ ಅದರ ಬಾಯಿಗೇ ಹೋಗುತ್ತಿರಬೇಕು. ಹೆಂಡತಿ ನಾಸಿಕ್ ರೋಡಿನ ಬಸ್ಸು ಹತ್ತಿದಾಗ ಅವರೂ ಹಿಂದಿನ ಬಾಗಿಲಿನಿಂದ ಹತ್ತಿ, ಮೂರು ಸೀಟು ಹಿಂದೆ, ಒಬ್ಬ ದಪ್ಪನೆಯ ಈರುಳ್ಳಿ ವ್ಯಾಪಾರಿಯ ಮರೆಯಲ್ಲಿ ಕೂತರು. ಕಂಡಕ್ಟರ್ ಬಂದಾಗ ಜೇಬಿಗೆ ಕೈ ಹಾಕಿದರು.

"ನಿಮ್ಮದು ಆಗಿದೆ," ಎಂದ ಕಂಡಕ್ಟರ್ ಮರಾಠಿಯಲ್ಲಿ. "ಮುಂದೆ ಕೂತ ಬಾಯಿಯವರು ತೆಗೆದಿದ್ದಾರೆ. ಹಿಂದೆ ಕೊಡೆ ಹಿಡಿದು ಕೂತವರದೂ ಸೇರಿಸಿ ಎರಡು ಕೊಡು ಅಂದರು."

ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಸುಧಾಕರರು ಸಿಕ್ಕಿಬಿದ್ದದ್ದು ಅದೇ ಮೊದಲು. ಅದೂ ಟಿಕೆಟ್ ಸಮೇತ.

ಡ್ಯೂಟಿ ಇಲ್ಲದ ಡ್ಯೂಟಿಯಿಂದ ಮನೆಗೆ ಬಂದ ಸುಧಾಕರರು ಆರಾಮಕುರ್ಚಿಯಲ್ಲಿ ಪೇಪರು ಓದಿದರು. ಸಂಜೆ ದೀಪ ಹಚ್ಚಿದ ಮೇಲೆ ಸುಗುಣಾಬಾಯಿ ತಾಟು ಹಾಕಿದರು. ತಾಟಿನಲ್ಲಿ ಬಿಸಿ ಮಾಡಿದ ಜೋಳದ ರೊಟ್ಟಿ, ಒಗ್ಗರಣೆಯ ವಾಸನೆಯ ಪುಂಡಿಪಲ್ಯ, ಒಂದು ಹಸಿ ಈರುಳ್ಳಿ.

ಪ್ರತಿ ತಿಂಗಳೂ ಮೊದಲನೆಯ ಭಾನುವಾರದ ಸಂಜೆ ಇದೇ ಊಟ. ಪ್ರತಿ ತಿಂಗಳೂ ಅವರು ಎರಡನೆಯ ತುತ್ತಿಗೆ ಕಣ್ಣು ಮುಚ್ಚಿ, "ಸುಗುಣಾ, ಇದು ನಮ್ಮವ್ವನ ಕೈ ರುಚಿ ನೋಡು. ಗದಗ ಬಿಟ್ಟ ಮ್ಯಾಲ ಇಂಥಾ ಪಲ್ಯ ಉಂಡಿರಲಿಲ್ಲ," ಎನ್ನುತ್ತಿದ್ದರು. ಹೆಂಡತಿ ಇನ್ನೊಂದು ರೊಟ್ಟಿ ಹಾಕುತ್ತಿದ್ದರು.

ಇವತ್ತು ಎರಡನೆಯ ತುತ್ತು ಕೈಯಲ್ಲೇ ನಿಂತಿತು.

"ಇದನ್ನ ಯಾರ್ ಮಾಡಿದ್ದು?"

"ನಿಮ್ಮವ್ವ," ಎಂದರು ಸುಗುಣಾಬಾಯಿ.

"ಚಾಷ್ಟಿ ಸಾಕು. ಎಷ್ಟ ದಿವಸದಿಂದ ನಡದೈತಿ ಇದು?"

"ನಿಮ್ಮ ಪ್ರೀತಿಭೋಜನ ಎಷ್ಟ ದಿವಸದಿಂದ ನಡದೈತಿ, ಅಷ್ಟ."

"ನನಗ್ಯಾಕ ಹೇಳಲಿಲ್ಲ?"

"ನೀವು ಟಿಕೆಟ್ ಕೇಳಲಿಲ್ಲ. ನಾ ತೋರಸಲಿಲ್ಲ." ಅವರು ಗಂಡನ ಎದುರಿಗೆ ಕೂತು ಲೋಟಕ್ಕೆ ನೀರು ಹಾಕಿದರು. "ಮೊದಲನೇ ತಿಂಗಳ ತುಂಬಿದ ಬೋಗುಣಿ ತುಂಬಿದಂಗನ ತಗೊಂಡು ದವಾಖಾನಿಗೆ ಹೋಗಿದ್ದೆ, ಕೆಟ್ಟಗಿಟ್ಟೀತು ಅಂತ. ಆಕಿ ಮುಚ್ಚಳಾ ತಗದು ನೋಡಿದ್ಳು. ಮತ್ತ ಮುಚ್ಚಿದ್ಳು. 'ಚಲೋ ಆತ್ರಿ ಅಕ್ಕಾರ, ನಮ್ಮ ವಾರ್ಡಿನ ಮಂದಿಗೆ ಆಗ್ತದ' ಅಂದ್ಳು. ಆ ಮುಚ್ಚಳದ ಸಪ್ಪಳ ನನ್ನ ಕಿವಿಯಿಂದ ಹೋಗವಲ್ತು. ಎರಡನೇ ತಿಂಗಳದಿಂದ ನಾ ಮನಿಗೆ ತರಾಕ ಹತ್ತಿದೆ."

"ನಾ ಹಿರಿಯ ಆದಾಂವ. ನನಗ ಹೇಳದ—"

"ಹೇಳಿದ್ರ ಉಣ್ತಿದ್ರೇನು?"

ಸುಧಾಕರರ ನಾಲಿಗೆಗೆ ಈ ವಿಚಾರಣೆಯೊಂದೂ ಬೇಕಾಗಿರಲಿಲ್ಲ. ಅದು ಆಗಲೇ ಮೊದಲ ತುತ್ತಿನ ಹುಳಿಯನ್ನು ಹೀರಿಕೊಂಡು ಎರಡನೆಯದನ್ನು ಕಾಯುತ್ತಿತ್ತು. ಅವರು ತುತ್ತನ್ನು ಬಾಯಿಗಿಟ್ಟುಕೊಂಡರು.

"ಒಂದ್ ಮಾತ ಕೇಳ್ತೀನಿ," ಎಂದರು ಸುಗುಣಾಬಾಯಿ. "ಮೂರ ವರ್ಷ ನಿಮ್ಮವ್ವನ ಕೈ ರುಚಿ, ನಿಮ್ಮವ್ವನ ಕೈ ರುಚಿ ಅಂದೀರಿ. ಚನ್ನಮ್ಮನ ಪಲ್ಯ ಅಷ್ಟ ನಿಮ್ಮವ್ವನ ಪಲ್ಯದಂಗ ಇದ್ರ, ನಿಮ್ಮ ಮುತ್ಯಾನ ಗೌಡಕಿ ಯಾವ ಕೇರ್ಯಾಗಿತ್ರೀ?"

ಅಂದು ಮಾತ್ರ ಸುಧಾಕರರು ಮೂರನೆಯ ರೊಟ್ಟಿ ಬೇಡವೆಂದರು.

ಆಗಸ್ಟ್ ತಿಂಗಳ ಮೊದಲನೆಯ ಭಾನುವಾರಕ್ಕೆ ನಾಲ್ಕು ವಾರವಿತ್ತು. ಮುಂದಿನ ಭಾನುವಾರದ ಉಪದೇಶದಲ್ಲಿ ಸರದಿ ಕೊರಿಂಥದವರದು. ಬೇಗ ಬಂದು ಉಂಡು ಮುಗಿಸುವವರು, ದುಡಿದು ತಡವಾಗಿ ಬರುವ ಆಳು. ಎಷ್ಟೋ ಸಲ ಹೇಳಿದ ಮಾತು. ಈ ಸಲ ಹೇಳುವಾಗ ಕಣ್ಣು ಕಡೆಯ ಬೆಂಚಿಗೆ ಹೋಯಿತು, ಎರಡು ಗಂಟೆಯ ಡ್ಯೂಟಿಗಾಗಿ ಗಡಿಯಾರ ನೋಡುತ್ತಿದ್ದ ಚನ್ನಮ್ಮನ ಮೇಲೆ. ಅವರ ಮಾತು ತೊದಲಿತು. ಕೊರಿಂಥದವರನ್ನು ಬಯ್ಯದೆ ಉಪದೇಶ ಹತ್ತು ನಿಮಿಷಕ್ಕೇ ಮುಗಿಯಿತು. ಸಭೆಯವರು ಅನುಮಾನದಿಂದ ಒಬ್ಬರನ್ನೊಬ್ಬರು ನೋಡಿಕೊಂಡರು. ಹಿರಿಯರಿಗೆ ಜ್ವರವೇ ಬಂದಿರಬೇಕು.

ಮರುದಿನದಿಂದ ಅವರು ಒಬ್ಬೊಬ್ಬರನ್ನೇ ಕಂಡರು. ವಾರಿಜಾಕ್ಷಿ ಟೀಚರನ್ನು ಪ್ಲಾಟ್‌ಫಾರ್ಮಿನಲ್ಲಿ ತಡೆದು ನಿಲ್ಲಿಸಿದರು. "ಬರೂ ತಿಂಗಳ ನೀವು ಚನ್ನಮ್ಮನ ಬೋಗುಣಿಯಿಂದ ಎರಡ ಚಮಚೆ ಹಾಕ್ಕೋಬೇಕು ನೋಡ್ರಿ."

"ನಾನು ಹಾಕಿಕೊಳ್ಳುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು? ನನಗೆ ಅಂಥ ಭೇದ ಉಂಟಾ? ಆ ಪಾತ್ರೆಯನ್ನು ನಾನು ಇವತ್ತಿನ ತನಕ ಮುಟ್ಟಿದ್ದೇ ಇಲ್ಲ..." ಎಂದು ರಭಸದಿಂದ ಹೇಳಿದ ಟೀಚರು ತಮ್ಮ ಮಾತು ತಮಗೇ ಕೇಳಿಸಿ ನಿಂತುಬಿಟ್ಟರು. ಗಾಡಿ ಬಂತು. ಹತ್ತುತ್ತ ಕೇಳಿದರು: "ನೀವು ತಿನ್ನುತ್ತೀರಾ?"

ಮೂರು ವರ್ಷದಿಂದ ತಿನ್ನುತ್ತಿದ್ದವರು ಕರಿಕೋಟು ಸರಿಮಾಡಿಕೊಂಡು ಗೇಟಿನ ಕಡೆ ನಡೆದರು.

ಗುರುಲಿಂಗಪ್ಪನವರು ವ್ಯವಹಾರಸ್ಥರು. ಅವರ ಬಳಿ ಉಪಾಯವಿತ್ತು. "ಹೀಂಗ ಮಾಡ್ರಿ. ಮೇಜಿನ ಮ್ಯಾಲೆ ಇಡೋಕಿಂತ ಮುಂಚೆನೇ ಆ ಪಲ್ಯಾ ನಿಮ್ಮ ಮನಿ ಸ್ಟೀಲ್ ಡಬ್ಬಿಗೆ ಹಾಕಿಬಿಡ್ರಿ. ಅಕ್ಕೋರ ಡಬ್ಬಿ ಅಂದ್ರ ಮಂದಿ ಮುಗಿಬೀಳ್ತಾರ. ಬೋಗುಣಿ ಖಾಲಿ, ಅಯ್ನೋರು ಖುಷ್, ಚನ್ನಮ್ಮನೂ ಖುಷ್. ಯಾರಿಗೇನು ತ್ರಾಸು?"

ಸುಧಾಕರರಿಗೆ ಅದು ಬಹಳ ಹಿಡಿಸಿತು. ಮನೆಗೆ ಬರುವ ದಾರಿಯಲ್ಲೇ ಸಮಸ್ಯೆ ಬಗೆಹರಿದವರಂತೆ ಹಗುರಾಗಿ ನಡೆದರು. ಹೆಂಡತಿಗೆ ಹೇಳಿದರು.

"ಅದನ್ನ ನಾ ಮೂರ ವರ್ಷ ಮಾಡೀನಲ್ಲ," ಎಂದರು ಸುಗುಣಾಬಾಯಿ. "ಅದರಿಂದ ಯಾರಿಗೇನಾತು? ನೀವು ಹೊಟ್ಟಿತುಂಬ ಉಂಡ್ರಿ, ಅಷ್ಟ."

ಆಗಸ್ಟ್ ಬಂತು. ಔರಂಗಾಬಾದಿನಿಂದ ಇಪ್ಪತ್ತೆರಡು ಜನ ಬಂದರು. ಬಂದವರೂ ಸುಮ್ಮನೆ ಬಂದವರಲ್ಲ. ಹನ್ನೆರಡು ವರ್ಷ ಬೈಸಿಕೊಂಡವರು ಈ ನಾಸಿಕದವರ ದೊಡ್ಡಸ್ತಿಕೆ ಎಷ್ಟು ನಿಜ ಎಂದು ನೋಡಲು ಬಂದವರು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಡಬ್ಬಿ. ಅವನ್ನು ಮೇಜಿನ ಮೇಲಿಡದೆ ತೊಡೆಯ ಮೇಲೇ ಇಟ್ಟುಕೊಂಡು ಕೂತರು.

ಚನ್ನಮ್ಮ ಅಂದು ರಜೆ ಹಾಕಿದ್ದಳು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಅದೇ ನಗ್ಗಿದ ಬೋಗುಣಿಯ ಜೊತೆ ಇನ್ನೊಂದು ದೊಡ್ಡ ಪಾತೇಲಿಯನ್ನೂ ತಂದಿದ್ದಳು. ಸುಧಾಕರರು ಮುಂದಿನ ಬೆಂಚಿನಲ್ಲಿ ಜಾಗ ಮಾಡಿಸಿ ಕರೆದರು.

"ಇಲ್ಲೇ ಇರ್ಲಿರಿ ಅಣ್ಣಾರ. ಇಲ್ಲಿ ಗಾಳಿ ಛಲೋ ಬರ್ತದ," ಎಂದು ಅವಳು ಕಡೆಯ ಬೆಂಚಿನಲ್ಲೇ ಕೂತಳು. ಕರೆಯುವುದಕ್ಕೆ ಮೂರು ವರ್ಷ ತಡವಾಗಿತ್ತೇನೋ.

ಕರ್ತನ ಭೋಜನವಾಯಿತು. ಪಾತ್ರೆಗಳು ಬೆಂಚಿನ ಮೇಲೆ ಸಾಲಾದವು. ಚನ್ನಮ್ಮ ಮೊದಲ ಸಲ ಹೋಗದೆ ಉಳಿದಳು, ಕಿಟಕಿಯ ಬದಿಗೆ ತನ್ನ ಬೋಗುಣಿಯ ಹಿಂದೆ ಸೌಟು ಹಿಡಿದು ನಿಂತಳು. ಅಯ್ನೋರು ಪ್ರಾರ್ಥನೆ ಮಾಡಿದರು. "ಆಮೆನ್" ಆದಮೇಲೆ ಯಾರೂ ಅಲುಗಲಿಲ್ಲ. ನಾಸಿಕದವರು ತಂತಮ್ಮ ಪಾತ್ರೆಯ ಎದುರು ನಿಂತಿದ್ದರು. ಔರಂಗಾಬಾದಿನವರು ನಾಸಿಕದವರನ್ನು ನೋಡುತ್ತಿದ್ದರು. ಗುರುಲಿಂಗಪ್ಪ ಹೊಟ್ಟೆ ಸವರಿಕೊಳ್ಳಲು ಕೈ ಎತ್ತಿ, ಇನ್ನೂ ಉಂಡಿಲ್ಲವೆಂಬುದು ನೆನಪಾಗಿ ಇಳಿಸಿದರು.

ಸುಧಾಕರರು ತಟ್ಟೆ ತೆಗೆದುಕೊಂಡರು. ನಾಲ್ಕು ಬೆಂಚಿನ ಉದ್ದ ಅಷ್ಟು ದೂರವಿದ್ದೀತೆಂದು ಅವರಿಗೆ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ಮೊದಲು ಅವರ ಮುಖವನ್ನೇ ನೋಡುತ್ತಿತ್ತು, ಗೇಟಿನಲ್ಲಿ ಅವರು ನೋಡುತ್ತಿದ್ದಂತೆ. ಧೈರ್ಯ ತೋರಿಸಿದರೂ ತಪ್ಪು, ಗಾಬರಿ ತೋರಿಸಿದರೂ ತಪ್ಪು. ಕಿಟಕಿಯ ಹತ್ತಿರ ಬಂದು ತಟ್ಟೆ ಚಾಚಿದರು.

ಚನ್ನಮ್ಮ ಮುಚ್ಚಳ ತೆಗೆದಳು. ಮೆಲ್ಲಗೆ, ಅವರಿಗೊಬ್ಬರಿಗೇ ಕೇಳಿಸುವಷ್ಟು ದನಿಯಲ್ಲಿ ಅಂದಳು: "ಅಣ್ಣಾರು ಸಂಜೀಗಿ ಮನ್ಯಾಗ ಉಣ್ಣೋರು. ಇವತ್ತ ಹಗಲೇ ಬಂದೀರಿ?"

"ನಿನಗ... ಸುಗುಣಾ ಹೇಳಿದ್ಳೇನು?"

"ಅಕ್ಕಾರು ಯಾಕ್ ಹೇಳ್ತಾರ್ರಿ. ಬೋಗುಣಿ ತೊಳ್ಯೋ ಕೈ ಒಂದೇ ಇತ್ತು. ಮುಚ್ಚಳದ ಅಂಚಿಗಿ ಯಾವಾಗ್ಲೂ ಒಂದೇ ಕಡೀ ಬೂದಿ ಉಳೀತಿತ್ತು. ಅಕ್ಕಾರು ಚೆಲ್ಲೋರಲ್ಲ, ಮನೀಗಿ ಒಯ್ದಿರ್ಬೇಕು ಅನ್ಕೊಂಡೆ. ಮತ್ತ ಅಣ್ಣಾರ, ಹದಿನಾಲ್ಕು ಮನಿಯವ್ರು ಮೂರು ವರ್ಷ ಉಂಡಿದ್ರ ಒಬ್ಬರಾದ್ರೂ ಒಂದ್ ದಿನಾ 'ಚನ್ನಮ್ಮಾ, ಉಪ್ಪು ಕಡಿಮಿ ಆಗ್ಯಾದ' ಅಂತಿದ್ರು. ಒಬ್ಬರೂ ಅನ್ಲಿಲ್ಲ. ಅದರಾಗೇ ತಿಳೀತು."

ಸಂಶಯ ಎಂಬುದು ಕರಿಕೋಟಿನವರ ಸ್ವತ್ತಲ್ಲ ಎಂದು ಸುಧಾಕರರಿಗೆ ಐವತ್ತರ ವಯಸ್ಸಿನಲ್ಲಿ ಮೊದಲ ಬಾರಿ ಅರಿವಾಯಿತು. ತಾವು ಜುಲೈಯಲ್ಲಿ ಕೊಡೆ ಹಿಡಿದು ನಡೆಸಿದ ತನಿಖೆಯನ್ನು ಇವಳು ಒಂದು ಮುಚ್ಚಳ ನೋಡಿ ಮುಗಿಸಿದ್ದಳು.

"ಹಂಗಾರ ಅಯ್ನೋರ ಮುಂದ ಎಲ್ಲಾರೂ ಉಣ್ತಾರ ಅಂದಿದ್ದಿ?"

"ಅಂದೆ," ಎಂದಳು ಚನ್ನಮ್ಮ, ಪಲ್ಯ ಬಡಿಸುತ್ತ. "ಅಂದ್ರಾದ್ರೂ ಉಣ್ತಾರೇನೋ ನೋಡಮಾ ಅಂತ."

ಅವರು ಅಲ್ಲೇ ನಿಂತು ರೊಟ್ಟಿ ಮುರಿದು, ಎಲ್ಲರೂ ನೋಡುತ್ತಿರುವಂತೆ, ಒಂದು ತುತ್ತು ಬಾಯಿಗಿಟ್ಟರು. ಅಗಿದರು. ಹುಬ್ಬು ಗಂಟಿಕ್ಕಿತು. ಅಷ್ಟೊಂದು ಜನಕ್ಕೆ ಮಾಡುವಾಗ ಅವಳ ಕೈ ಅಂದಾಜು ತಪ್ಪಿತ್ತು.

"ಚನ್ನಮ್ಮಾ," ಎಂದರು, ಕೋಣೆಗೆಲ್ಲ ಕೇಳಿಸುವಂತೆ. "ಉಪ್ಪು ಕಡಿಮಿ ಆಗೇತಲ್ಲವಾ."

ಅಯ್ನೋರು ಬೆಚ್ಚಿಬಿದ್ದರು. ವಾರಿಜಾಕ್ಷಿ ಟೀಚರು "ಛೆ" ಎಂದರು. ಚನ್ನಮ್ಮನ ಮುಖ ಮಾತ್ರ ಅರಳಿತು. ಮೂರು ವರ್ಷದಿಂದ ಕಾಯುತ್ತಿದ್ದ ಗಾಡಿ ಕೊನೆಗೂ ಸ್ಟೇಷನ್ನಿಗೆ ಬಂದಂತೆ. "ಹೌದೇನ್ರಿ? ತಡೀರಿ, ಉಪ್ಪು ತಂದೀನಿ," ಎಂದು ಸೆರಗಿನ ತುದಿಯ ಗಂಟು ಬಿಚ್ಚಿದಳು.

"ಎಲ್ಲಿ, ನೋಡುವ," ಎಂದು ವಾರಿಜಾಕ್ಷಿ ತಟ್ಟೆ ತಂದರು. ತಿಂದು, ಉಪ್ಪು ಸರಿಯಾಗಿಯೇ ಉಂಟು, ಖಾರವೇ ಹೆಚ್ಚು ಎಂದು ವಾದ ಶುರುಮಾಡಿದರು. ಖಾರ ಹೆಚ್ಚೆಂದು ಮಂಗಳೂರಿನವರು ಹೇಳುವುದನ್ನು ಸಹಿಸದೆ ಗುರುಲಿಂಗಪ್ಪ ಬಂದರು. ಔರಂಗಾಬಾದಿನ ಒಬ್ಬ ಮುದುಕಿ, ಬೀದರ ಕಡೆಯ ಪುಂಡಿಪಲ್ಯಕ್ಕೆ ಶೇಂಗಾಪುಡಿ ಹಾಕುವುದೇ ಇಲ್ಲವೆಂದು ಕೂತಲ್ಲಿಂದಲೇ ಆಕ್ಷೇಪಿಸಿ, ಹಾಕಿದ್ದಾರೋ ಇಲ್ಲವೋ ನೋಡಲು ಎದ್ದು ಬಂದರು. ಅವರ ತೊಡೆಯ ಮೇಲಿನ ಡಬ್ಬಿ ಬೆಂಚಿಗೆ ಬಂತು.

ಎಲ್ಲರೂ ಬಂದರು ಎಂದು ಬರೆದರೆ ಅದು ಗೌಡಕಿಯ ಕಥೆಯಾದೀತು. ನಾಸಿಕದ ನಾಲ್ಕು ಮನೆಯವರಿಗೆ ಅಂದೂ ಪುಂಡಿ ಉಷ್ಣವೇ ಆಗಿತ್ತು. ಔರಂಗಾಬಾದಿನ ಇಪ್ಪತ್ತೆರಡರಲ್ಲಿ ಒಂಬತ್ತು ಡಬ್ಬಿಗಳು ತೊಡೆಯ ಮೇಲಿಂದ ಇಳಿಯಲಿಲ್ಲ. ಯಾವ ಯಾವ ಮನೆ ಎಂದು ಸುಧಾಕರರು ಅರ್ಧ ತೆರೆದ ಕಣ್ಣಿನಿಂದ ನೋಡಿ ಮನಸ್ಸಿನಲ್ಲಿಟ್ಟುಕೊಂಡರು. ಕೊರಿಂಥದವರ ಮೇಲಿನ ಉಪದೇಶಗಳು ಇನ್ನೂ ಬಾಕಿ ಇದ್ದವು. ಆದರೂ ಬೋಗುಣಿ ಖಾಲಿಯಾಯಿತು, ಪಾತೇಲಿ ಅರ್ಧವಾಯಿತು.

ಊಟವಾದ ಮೇಲೆ ಸುಗುಣಾಬಾಯಿ ಎಂದಿನಂತೆ ಪಾತ್ರೆ ತಿಕ್ಕಲು ಬಂದರು. ಚನ್ನಮ್ಮನ ಬೋಗುಣಿ ಜಾಗದಲ್ಲಿರಲಿಲ್ಲ. ನಲ್ಲಿಯ ಹತ್ತಿರ ನೋಡಿದರೆ ಸಭೆಯ ಹಿರಿಯರು ಧೋತರ ಮೇಲೆತ್ತಿ ಕುಕ್ಕುರುಗಾಲಲ್ಲಿ ಕೂತು, ಬೂದಿಯಲ್ಲಿ ಕೈ ಕಪ್ಪು ಮಾಡಿಕೊಂಡು, ಬೋಗುಣಿಯ ನಗ್ಗಿದ ಬದಿಯನ್ನು ತಿಕ್ಕುತ್ತಿದ್ದರು. ಚೌಕಿದಾರನ ನಾಯಿ ಎದುರಿಗೆ ಕೂತು ಸಂಶಯದಿಂದ ನೋಡುತ್ತಿತ್ತು.

"ಆದಿಸಭೆಯೊಳಗ ಹಿಂಗಿತ್ತೇನ್ರಿ?" ಎಂದರು ಸುಗುಣಾಬಾಯಿ.

"ಗೊತ್ತಿಲ್ಲ," ಎಂದರು ಸುಧಾಕರರು. ಆ ವಿಷಯದಲ್ಲಿ ಅವರು ಹಾಗೆಂದದ್ದು ಅದೇ ಮೊದಲು.

ತೊಳೆದ ಬೋಗುಣಿಯನ್ನು ಚನ್ನಮ್ಮನಿಗೆ ಕೊಟ್ಟರು. ಅವಳು ಮುಚ್ಚಳವನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಬೆರಳಾಡಿಸಿ ನೋಡಿದಳು. ಬೆರಳಿಗೆ ಬೂದಿ ಹತ್ತಿತು.

"ಇನ್ನೊಂದ್ ಸಲ ನೀರು ಹಾಕ್ರಿ ಅಣ್ಣಾರ," ಎಂದಳು.

ಅವರು ಮತ್ತೆ ನಲ್ಲಿ ಬಿಟ್ಟರು.